ಮಡಚಿಟ್ಟ ಟವೆಲ್

ಪಶು ಆಹಾರ ತಯಾರಿಸುವ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಇದ್ದ ತಲೆನೋವು ಒಂದೇ: ಕಾಕಂಬಿ. ಸಕ್ಕರೆ ಮಾಡುವಾಗ ಉಳಿಯುವ ಆ ಕಪ್ಪು ಪಾಕವನ್ನು ತೌಡು, ಹಿಂಡಿ, ಜೋಳದ ನುಚ್ಚಿನ ಜೊತೆ ಕಲಸಿಕೊಟ್ಟರೆ ದನಗಳು ಬಾಯಿ ಚಪ್ಪರಿಸಿ ತಿನ್ನುತ್ತವೆ. ಆದರೆ ಕಲಸುವ ಮಿಕ್ಸರಿಗೆ ಅದು ಅಂಟಿತೋ, ಸುಲಭಕ್ಕೆ ಬಿಡುವ ಜಾತಿಯಲ್ಲ. ಮಿಕ್ಸರ್ ಅಂದರೆ ಅಡುಗೆಮನೆಯದು ಅಂದುಕೊಳ್ಳಬೇಡಿ. ಒಂದು ಸಣ್ಣ ಕೋಣೆಯಷ್ಟು ದೊಡ್ಡ ಕಬ್ಬಿಣದ ತೊಟ್ಟಿ. ಅದರ ಉದ್ದಕ್ಕೂ ದಪ್ಪನೆಯ ದಂಡ, ದಂಡದ ಸುತ್ತ ಅಂಗೈ ಅಗಲದ ರೆಕ್ಕೆಗಳು. ದಿನಕ್ಕೆ ಎರಡು ಸಲ ಅದನ್ನು ನಿಲ್ಲಿಸಿ, ಮೇಲಿನ ಮುಚ್ಚಳ ತೆಗೆದು, ಒಬ್ಬರು ಒಳಗಿಳಿದು ಕಬ್ಬಿಣದ ಪಟ್ಟಿಯಿಂದ ಕೆರೆಯಬೇಕಿತ್ತು.

ಇಳಿದವನು ಹೊರಗಿನವರಿಗೆ ಕಾಣುವುದಿಲ್ಲ. ಸ್ವಿಚ್ ಇರುವುದು ಕಂಬದ ಆಚೆ. ಅಲ್ಲಿ ನಿಂತರೆ ತೊಟ್ಟಿಯ ಹೊಟ್ಟೆ ಕಾಣುತ್ತದೆ, ಬಾಯಿ ಕಾಣುವುದಿಲ್ಲ. ಹಾಗಾಗಿ ಅಲ್ಲೊಂದು ರೂಢಿ ಬೆಳೆದಿತ್ತು. ಇಳಿಯುವವನು ತನ್ನ ಹೆಗಲಿನ ಟವೆಲ್ಲನ್ನು ಸ್ವಿಚ್ಚಿನ ಹಿಡಿಕೆಗೆ ನೇತುಹಾಕಿ ಇಳಿಯುತ್ತಿದ್ದ. ಟವೆಲ್ ಇದೆ ಅಂದರೆ ಒಳಗೆ ಮನುಷ್ಯ ಇದ್ದಾನೆ. ಹತ್ತಿ ಬಂದ ಮೇಲೆ ತಾನೇ ತೆಗೆದು ಮುಖ ಒರೆಸಿಕೊಳ್ಳುತ್ತಿದ್ದ. ಯಾರು ಯಾವಾಗ ಶುರು ಮಾಡಿದರೋ ತಿಳಿಯದು. ಗೋಡೆಯ ಮೇಲೆ ಬರೆದಿರಲಿಲ್ಲ, ಯಾರೂ ಯಾರಿಗೂ ಕೂರಿಸಿಕೊಂಡು ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಅಷ್ಟೇ.

ಆ ಮಿಕ್ಸರಿನ ಜವಾಬ್ದಾರಿ ಮೇಸ್ತ್ರಿಯದು. ಹದಿನೆಂಟು ವರ್ಷದಿಂದ ಅದರ ಜೊತೆ ಬಾಳುವೆ ಮಾಡಿದ್ದವನು. ಅದರ ಸದ್ದು ಒಂದು ಚೂರು ಬದಲಾದರೂ ಮಾತು ಅರ್ಧಕ್ಕೇ ನಿಲ್ಲಿಸಿ ಕಿವಿ ನಿಮಿರಿಸುತ್ತಿದ್ದ. ತನ್ನ ತಮ್ಮನನ್ನೂ ಅದೇ ಕೆಲಸಕ್ಕೆ ಸೇರಿಸಿದ್ದ. ತೆಳ್ಳಗಿನ ಮೈ, ತೊಟ್ಟಿಗೆ ಇಳಿಯಲು ಹೇಳಿ ಮಾಡಿಸಿದಂತಿತ್ತು.

ಅಲ್ಲಿಗೆ ಹೊಸಬನೊಬ್ಬ ಬಂದ. ಹುಡುಗನಲ್ಲ. ನಲವತ್ತಾರು ವರ್ಷದ ಗೃಹಸ್ಥ. ಇಪ್ಪತ್ತೈದು ವರ್ಷ ಟೈಲರ್ ಆಗಿದ್ದವನು. ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಹೊಲಿಸುವವರು ಕಮ್ಮಿಯಾಗಿ ಅಂಗಡಿ ಮುಚ್ಚಿದ್ದ. ಮೊದಲ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತೌಡಿನ ಧೂಳಿನಲ್ಲಿ ಎಲ್ಲಿ ಕಾಲಿಡಬೇಕು ಎಂದು ಹುಡುಕುತ್ತಾ ಬಂದ.

"ಏನ್ರೀ ಟೈಲರ್, ಮಿಕ್ಸರಿಗೆ ಅಳತೆ ತಗೊಳಕ್ಕೆ ಬಂದ್ರಾ?" ಅಂದ ಮೇಸ್ತ್ರಿಯ ತಮ್ಮ.

"ಸೊಂಟ ಸ್ವಲ್ಪ ದಪ್ಪ ಇದೆ, ಬಟ್ಟೆ ಜಾಸ್ತಿ ಬೇಕಾಗತ್ತೆ," ಅಂದ ಟೈಲರ್. ಎಲ್ಲರೂ ನಕ್ಕರು. ಒಳ್ಳೆಯ ಮನುಷ್ಯ ಅನ್ನಿಸಿತು.

ಕೆಲಸ ಕಲಿಸುವ ಭಾರ ಮೇಸ್ತ್ರಿಯ ಮೇಲೆ ಬಿತ್ತು. ಹೇಗೆ ಕಲಿಸಿದ ಅಂತೀರಾ? ಮಿಕ್ಸರ್ ಓಡುತ್ತಿರುವಾಗಲೇ, ಆ ಗದ್ದಲದಲ್ಲಿ, ಅವನ ಕಿವಿಯ ಹತ್ತಿರ ಕಿರುಚಿ ಕಲಿಸಿದ.

"ಇದು ಮೇನ್ ಹಿಡಿಕೆ. ಮೇಲೆತ್ತಿದ್ರೆ ಆನ್, ಕೆಳಗೆಳೆದ್ರೆ ಆಫ್. ಇದು ಹಸಿರು, ಶುರು. ಇದು ಕೆಂಪು, ನಿಲ್ಲೋದು. ಬಿಡುವು ಮುಗಿದು ಗಂಟೆ ಹೊಡೆದ್ರೆ ಹಿಡಿಕೆ ಎತ್ತಿ, ಹಸಿರು ಒತ್ತಿ. ಆಯ್ತಾ?"

ಟೈಲರ್ ತಲೆಯಾಡಿಸಿದ. ಆಮೇಲೆ, "ಮೇಸ್ತ್ರಿ, ಒಂದು ಮಾತು ಕೇಳ್ಲಾ?" ಅಂದ.

"ಕೇಳೋದೇನಿದೆ ಇದ್ರಲ್ಲಿ? ಕಣ್ಣಿದೆಯಲ್ಲ, ನೋಡಿ ಕಲೀರಿ. ನಾವೆಲ್ಲ ಹಾಗೇ ಕಲ್ತಿದ್ದು."

ಮುಗಿಯಿತು ಪಾಠ. ಸೈಕಲ್ ಕಲಿಸುವವರು ಕೂಡ ಹಿಂದೆ ಹಿಡಿದುಕೊಂಡು ನಾಲ್ಕು ಸುತ್ತು ಓಡುತ್ತಾರೆ. ಮನುಷ್ಯನನ್ನು ಅರೆಯಬಲ್ಲ ಯಂತ್ರಕ್ಕೆ ಅಷ್ಟೂ ಸಿಗಲಿಲ್ಲ.

ಮೂರನೆಯ ದಿನ ಗಂಟೆ ಹೊಡೆದಾಗ ಟೈಲರ್ ತಡಮಾಡಿದ. ಯಾವುದು ಮೊದಲು, ಹಿಡಿಕೆಯೋ ಗುಂಡಿಯೋ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ನಿಂತುಬಿಟ್ಟಿದ್ದ. ಮೇಸ್ತ್ರಿ ಎಲ್ಲರೆದುರು ಬಾಯಿ ಮಾಡಿದ.

"ಇದೇನು ಗುಂಡಿಗೆ ಕಾಜಾ ಹೊಲಿಯೋ ಜಾಗಾನಾ? ಗಂಟೆ ಹೊಡೆದ ಉಸಿರಿಗೇ ಸ್ವಿಚ್ ಬೀಳ್ಬೇಕು. ಇಲ್ಲಾಂದ್ರೆ ಮನೆಗೆ ಹೋಗಿ ಸೂಜಿಗೆ ದಾರ ಪೋಣಿಸ್ಕೊಂಡಿರಿ!"

ಎಲ್ಲರೂ ನಕ್ಕರು. ತಮ್ಮನೂ ನಕ್ಕ. ಟೈಲರ್ ಮಾತ್ರ ತನ್ನ ಕೈಗಳನ್ನೇ ನೋಡಿಕೊಂಡ.

ಐದನೆಯ ದಿನ. ಮಧ್ಯಾಹ್ನದ ಟೀ ಬಿಡುವು. ಮೇಸ್ತ್ರಿಯ ತಮ್ಮ ತೊಟ್ಟಿ ಕೆರೆದು ಮೇಲೆ ಬಂದು ಟೀ ಕುಡಿದಿದ್ದ. ಮೂಲೆಯಲ್ಲಿ ಒಂದು ಗಡ್ಡೆ ಉಳಿದುಹೋಗಿದೆ ಅನ್ನಿಸಿತು. ಎರಡು ನಿಮಿಷದ ಕೆಲಸ, ಯಾರಿಗೇನು ಹೇಳುವುದು ಎಂದು ಟವೆಲ್ ನೇತುಹಾಕಿ ಮತ್ತೆ ಇಳಿದ.

ಗಂಟೆ ಹೊಡೆಯಿತು.

ಮತ್ತೆ ಬೈಸಿಕೊಳ್ಳಬಾರದೆಂದು ಟೈಲರ್ ಎಲ್ಲರಿಗಿಂತ ಮೊದಲು ಓಡಿ ಬಂದ. ಹಿಡಿಕೆಯ ಮೇಲೆ ಕೊಳೆಯಾದ ಟವೆಲ್ಲೊಂದು ಮುದ್ದೆಯಾಗಿ ತೂಗುತ್ತಿತ್ತು. ಯಾರೋ ಮರೆತು ಹೋಗಿದ್ದಾರೆ ಅಂದುಕೊಂಡ. ಬಟ್ಟೆಯ ಜೊತೆಯೇ ಬದುಕಿದ ಕೈ ಅದು. ಎಷ್ಟೇ ಅವಸರವಿದ್ದರೂ ಬಟ್ಟೆಯನ್ನು ಎಸೆಯಲು ಬರದು. ಅಂಚಿಗೆ ಅಂಚು ಕೂಡಿಸಿ, ನಾಲ್ಕು ಮಡಿಕೆ ಮಾಡಿ, ಬೆಂಚಿನ ಮೇಲಿಟ್ಟ. ಹಿಡಿಕೆ ಎತ್ತಿದ. ಹಸಿರು ಒತ್ತಿದ.

ದಂಡ ತಿರುಗಿದ್ದು ಎರಡೇ ಸುತ್ತು. ಏಣಿಯ ಮೇಲೆ ಬಲ್ಬ್ ಬದಲಾಯಿಸುತ್ತಿದ್ದ ಎಲೆಕ್ಟ್ರಿಷಿಯನ್ ಹೆಂಗಸು, ಎಲ್ಲರೂ ಫ್ಯೂಸಕ್ಕ ಅಂತ ಕರೆಯುತ್ತಿದ್ದವಳು, ಕಿರುಚಾಟ ಕೇಳಿ ಏಣಿಯಿಂದ ಹಾರಿ ಕೆಂಪು ಗುಂಡಿ ಗುದ್ದಿದಳು. ಎರಡು ಸುತ್ತು ಸಾಕಾಗಿತ್ತು. ತಮ್ಮನ ಬಲಗಾಲು ಮೊಣಕಾಲಿನಿಂದ ಕೆಳಗೆ ಉಳಿಯಲಿಲ್ಲ.

ಮೇಸ್ತ್ರಿ ಟೀ ಲೋಟ ಹಿಡಿದುಕೊಂಡೇ ಓಡಿ ಬಂದ. ತಮ್ಮನ ಕೂಗು ಕಿವಿಯಲ್ಲಿ, ಕಣ್ಣಿಗೆ ಬಿದ್ದದ್ದು ಬೆಂಚಿನ ಮೇಲಿನ ಟವೆಲ್. ಅಂಗಡಿಯಲ್ಲಿ ಮಾರಾಟಕ್ಕಿಟ್ಟಂತೆ ಅಷ್ಟು ನೀಟಾಗಿ ಮಡಚಿತ್ತು. ಅವನಿಗೆ ಆ ಕ್ಷಣವೇ ಎಲ್ಲ ಅರ್ಥವಾಯಿತು. ಗೊತ್ತಿದ್ದವನು ಆ ಟವೆಲ್ ಮುಟ್ಟುತ್ತಿರಲಿಲ್ಲ. ಕೇಡು ಬಗೆಯುವವನು ಮಡಚುತ್ತಿರಲಿಲ್ಲ. ಟೈಲರಿಗೆ ಗೊತ್ತೇ ಇರಲಿಲ್ಲ. ಹೇಳಬೇಕಾಗಿದ್ದವನು ತಾನು.

ಅದೇ ಸಂಜೆ ಮ್ಯಾನೇಜರ್ ಕೋಣೆಯಲ್ಲಿ ಹೇಳಿಕೆ ಬರೆಸಿಕೊಂಡರು. ಮೇಜಿನ ಒಂದು ಬದಿಗೆ ಮೇಸ್ತ್ರಿ, ಇನ್ನೊಂದು ಬದಿಗೆ ಟೈಲರ್.

"ಟವೆಲ್ ವಿಷಯ ನೀನು ಇವನಿಗೆ ಹೇಳಿದ್ದೆ ತಾನೆ?" ಅಂದರು ಮ್ಯಾನೇಜರ್.

ಪ್ರಶ್ನೆಯಲ್ಲೇ ಉತ್ತರ ಇಟ್ಟು ಕೊಟ್ಟಿದ್ದರು. ಎತ್ತಿಕೊಂಡರೆ ಆಯಿತು. ಮೇಸ್ತ್ರಿ ಎತ್ತಿಕೊಂಡ.

"ಹೇಳಿದ್ದೆ ಸಾರ್. ಮೂರು ಸಲ ಹೇಳಿದ್ದೆ."

ಟೈಲರ್ ತಲೆಯೆತ್ತಿ ಅವನ ಮುಖ ನೋಡಿದ. ಬಾಯಿ ತೆರೆಯಲಿಲ್ಲ. ಮಾರನೆಯ ದಿನ ಅವನನ್ನು 'ನಿರ್ಲಕ್ಷ್ಯ' ಅಂತ ಕಾಗದ ಕೊಟ್ಟು ಗೇಟಿನಿಂದ ಹೊರಗೆ ಕಳಿಸಿದರು. ಹೋಗುವಾಗ ಜನ ಅವನ ಬೆನ್ನಿಗೆ ಏನೇನು ಮಾತು ಎಸೆದರು ಅನ್ನುವುದನ್ನು ಇಲ್ಲಿ ಬರೆಯುವಂತಿಲ್ಲ. ಹಾಗೆ ಎಸೆದವರಲ್ಲಿ ಒಬ್ಬರಾದರೂ ಅವನಿಗೆ ಒಂದು ಸಲ ಟವೆಲ್ ತೋರಿಸಿ, "ನೋಡಿ, ಇದು ಇದ್ದರೆ ಮುಟ್ಟಬೇಡಿ" ಅಂದಿದ್ದರೆ ಸಾಕಿತ್ತು. ಐದು ದಿನ ಅವನ ಪಕ್ಕದಲ್ಲೇ ಓಡಾಡಿದ್ದರು. ತಮಾಷೆ ಮಾಡಲು ಎಲ್ಲರಿಗೂ ಪುರುಸೊತ್ತಿತ್ತು.

ಐದು ವಾರ ಕಳೆಯಿತು. ತಮ್ಮ ಆಸ್ಪತ್ರೆಯಿಂದ ಅಣ್ಣನ ಮನೆಗೆ ಬಂದ. ಮುಂದಿನ ಕೋಣೆಯಲ್ಲಿ ಕಿಟಕಿ ಪಕ್ಕ ಮಂಚ ಹಾಕಿದರು. ಗೋಡೆಗೆ ಊರುಗೋಲು ಒರಗಿತ್ತು. ಅವನು ರಾತ್ರಿ ಇಲ್ಲದ ಪಾದ ತುರಿಸುತ್ತದೆ ಅನ್ನುತ್ತಿದ್ದ. ತುರಿಸಲು ಕೈ ಚಾಚಿ, ಹಾಸಿಗೆ ತಡವಿ, ಸುಮ್ಮನಾಗುತ್ತಿದ್ದ. ಮೇಸ್ತ್ರಿ ಅದನ್ನು ನೋಡದಿರಲು ಅಡುಗೆಮನೆಯಲ್ಲಿ ಕೂತು ಊಟ ಮಾಡುವುದನ್ನು ಅಭ್ಯಾಸ ಮಾಡಿಕೊಂಡ.

ಒಂದು ರಜೆಯ ಬೆಳಗ್ಗೆ ಫ್ಯೂಸಕ್ಕ ಒಂದು ಪೊಟ್ಟಣ ಹಣ್ಣು ಹಿಡಿದುಕೊಂಡು ಬಂದಳು. ತಮ್ಮನ ಮಂಚದ ತುದಿಯಲ್ಲಿ ಕೂತಳು.

"ಹೇಗಿದೀಯೋ?"

"ಒಂಟಿ ಚಪ್ಪಲಿ ಸವೆಯತ್ತೆ, ಇನ್ನೊಂದು ಹೊಸದಾಗೇ ಇದೆ. ನಿನಗೆ ಬೇಕಿದ್ರೆ ಕೊಡ್ತೀನಿ ಅಕ್ಕ," ಅಂದ ಅವನು.

ಅವಳಿಗೆ ನಗಲು ಆಗಲಿಲ್ಲ. ಮಾತು ತಿರುಗಿಸಲು, "ಆ ಟೈಲರ್ ಮನೆಯಿಂದ ಹೊರಗೇ ಬರ್ತಿಲ್ವಂತೆ," ಅಂದಳು.

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ರೇಗಿದ. "ಬರದೇ ಇದ್ರೆ ಇರ್ಲಿ! ಅವನಿಗೇನು ಬುದ್ಧಿ ಇರ್ಲಿಲ್ವಾ? ಸ್ವಿಚ್ ಮೇಲೆ ಬಟ್ಟೆ ಇದ್ರೆ ಯಾಕಿದೆ ಅಂತ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ನೀವೇನು ಅಂತಿದ್ರಿ ಮೇಸ್ತ್ರಿ?"

ಮೇಸ್ತ್ರಿ ಬೀದಿಯ ಕಡೆ ಮುಖ ತಿರುಗಿಸಿದ.

"ಕಾಜಾ ಹೊಲಿಯೋಕೆ ಬಂದ್ರಾ ಅಂತಿದ್ರಿ," ಅಂದಳು ಫ್ಯೂಸಕ್ಕ.

ತಮ್ಮ ಮೊಣಕೈ ಊರಿ ಎದ್ದು ಕೂತ. "ಅಣ್ಣ, ಇಲ್ಲಿ ನೋಡು. ನಾನು ಒಂದೇ ಕೇಳ್ತೀನಿ. ಟವೆಲ್ ವಿಷಯ ಅವರಿಗೆ ಹೇಳಿದ್ಯಾ?"

ಒಳಗಿನಿಂದ ಮೇಸ್ತ್ರಿಯ ಹೆಂಡತಿ ಒದ್ದೆ ಕೈಯಲ್ಲೇ ಬಂದಳು. "ಹೇಳಿದ್ದೀನಿ ಅಂತ ಬರ್ಕೊಟ್ಟಾಗಿದೆ. ಈಗ ಯಾಕೆ ಅದನ್ನ ಕೆದಕ್ತೀರಾ?"

"ಬರ್ಕೊಟ್ಟಿದ್ದು ಗೊತ್ತು ಅತ್ತಿಗೆ. ನಾನು ಕೇಳ್ತಿರೋದು ಹೇಳಿದ್ನಾ ಅಂತ."

ಮೇಸ್ತ್ರಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಸುಳ್ಳು ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು, ಐದು ವಾರದಿಂದ ಎಲ್ಲರಿಗೂ ಹೇಳಿ ಹೇಳಿ ನುಣುಪಾಗಿತ್ತು. ತಮ್ಮನ ಮುಖದೆದುರು ಅದು ಹೊರಗೆ ಬರಲಿಲ್ಲ.

"ಇಲ್ಲ ಕಣೋ," ಅಂದ. "ಒಂದು ಸಲಾನೂ ಹೇಳಿರ್ಲಿಲ್ಲ."

ತಮ್ಮ ಗೋಡೆಗೊರಗಿದ್ದ ಊರುಗೋಲಿನ ಕಡೆ ತಿರುಗಿದ. ಬೈದಿದ್ದರೆ ಮೇಸ್ತ್ರಿಗೆ ಹಗುರವಾಗುತ್ತಿತ್ತು.

"ನಾನು ಇಷ್ಟು ದಿನ ಆ ಮನುಷ್ಯನ್ನ ಶಪಿಸ್ಕೊಂಡೇ ಊಟ ಮಾಡಿದೀನಿ ಅಣ್ಣ," ಅಂದ. "ಅವನ ಕೈ ಬಿದ್ದುಹೋಗ್ಲಿ ಅಂದಿದೀನಿ. ಅವತ್ತು ನೀನು ಬೈವಾಗ ನಾನೂ ಹಲ್ಲು ಕಿಸಿದಿದ್ದೆ. ಎರಡನೇ ಸಲ ಇಳಿಯುವಾಗ 'ಇಳೀತಿದೀನಿ' ಅಂತ ಒಬ್ಬರಿಗಾದ್ರೂ ಕೂಗಿ ಹೇಳ್ಬೇಕಿತ್ತು, ಅದೂ ಹೇಳ್ಲಿಲ್ಲ."

ಫ್ಯೂಸಕ್ಕ ತಲೆ ತಗ್ಗಿಸಿದಳು. "ನನ್ನದೂ ಇದೆ ಕೇಳಿ. ಆ ಹಿಡಿಕೆ ಕೆಳಗೆ ಒಂದು ತೂತು ಇದೆ, ನೋಡಿದ್ದೀರಾ ಮೇಸ್ತ್ರಿ?"

"ಇದೆ. ಏನೋ ಒಂದು ಬೋಲ್ಟು ಬಿದ್ದುಹೋಗಿರ್ಬೇಕು ಅನ್ಕೊಂಡಿದ್ದೆ."

"ಹದಿನೆಂಟು ವರ್ಷದಿಂದ ನೋಡ್ತಿದ್ದೀರಿ. ಅದು ಬೀಗ ಹಾಕೋಕೆ ಅಂತ ಮಾಡಿರೋ ತೂತು. ಹಿಡಿಕೆ ಕೆಳಗೆಳೆದು ಬೀಗ ಜಡಿದ್ರೆ ಯಾರಪ್ಪ ಬಂದ್ರೂ ಮೇಲೆತ್ತಕ್ಕಾಗಲ್ಲ. ಇಳಿಯೋನು ತಾನೇ ಬೀಗ ಹಾಕ್ಬೇಕು, ಕೀಲಿ ತನ್ನ ಜೇಬಲ್ಲೇ ಇಟ್ಕೊಂಡು ಇಳೀಬೇಕು. ಇಬ್ಬರು ಇಳಿದ್ರೆ ಎರಡು ಬೀಗ. ಒಬ್ಬರ ಬೀಗ ಇನ್ನೊಬ್ಬರು ತೆಗೆಯೋ ಹಾಗಿಲ್ಲ. ಮ್ಯಾನೇಜರಿಗೆ ಎರಡು ಸಲ ಹೇಳಿದ್ದೆ. ಟೀ ಕೋಣೇಲಿ ಸಕ್ಕರೆ ಡಬ್ಬಿಗೆ ಬೀಗ ಇದೆ, ಮಿಕ್ಸರಿಗಿಲ್ಲ, ಏನ್ ಸಾರ್ ಇದು ಅಂದೆ. ನಕ್ಕು ಕಳಿಸಿದ್ರು. ಮೂರನೇ ಸಲ ಹೇಳೋಕೆ ನನಗೇ ಬೇಜಾರಾಯ್ತು. ಹೇಳ್ಲಿಲ್ಲ."

"ಟವೆಲ್ಲೇ ಇತ್ತಲ್ಲ ಅಕ್ಕ, ಇಷ್ಟು ವರ್ಷ ಏನೂ ಆಗಿರ್ಲಿಲ್ಲ," ಅಂದ ಮೇಸ್ತ್ರಿ. ಅವನ ದನಿಯಲ್ಲಿ ವಾದ ಮಾಡುವ ಹುರುಪು ಇರಲಿಲ್ಲ.

"ಬಟ್ಟೆ ತಡೆಯೋದು ಗೊತ್ತಿರೋರನ್ನ ಮಾತ್ರ ಮೇಸ್ತ್ರಿ. ಬೀಗ ಗೊತ್ತಿಲ್ಲದೋರನ್ನೂ ತಡೆಯತ್ತೆ."

ಮೇಸ್ತ್ರಿ ಗೋಡೆಗೊರಗಿ ಕುಸಿದು ಕೂತ. "ನಾಳೆ ಹೋಗಿ ನಿಜ ಬರ್ಕೊಡ್ತೀನಿ," ಅಂದ.

ಹೆಂಡತಿ ಅವನ ಎದುರಿಗೆ ಬಂದು ನಿಂತಳು. "ರೀ, ತಲೆ ಕೆಟ್ಟಿದ್ಯಾ? ಹೋದ ಕಾಲು ವಾಪಸ್ ಬರತ್ತಾ? ನಿಮ್ಮನ್ನೂ ಗೇಟಿನಾಚೆ ಹಾಕಿದ್ರೆ? ಈ ಮನೇಲಿ ದುಡಿಯೋ ಗಂಡುಕಾಲು ಇನ್ನು ಎರಡೇ ಉಳಿದಿರೋದು!"

"ಅದಕ್ಕೇ ಹೇಳ್ತಿರೋದು," ಅಂದಳು ಫ್ಯೂಸಕ್ಕ. "ಈಗ ಮಿಕ್ಸರಿಗೆ ಇಳಿಯೋದು ಯಾರು ಅಂತ ನಿನ್ನ ಗಂಡನ್ನೇ ಕೇಳು."

ಹೆಂಡತಿ ಗಂಡನನ್ನು ನೋಡಿದಳು.

"ನಾನೇ," ಅಂದ ಮೇಸ್ತ್ರಿ.

"ಸ್ವಿಚ್ ಹತ್ತಿರ ಯಾರಿರ್ತಾರೆ?" ಅಂದಳು ಫ್ಯೂಸಕ್ಕ.

"ಮೊನ್ನೆ ಒಬ್ಬ ಹೊಸಬ ಸೇರಿದಾನೆ. ವ್ಯಾನ್ ಓಡಿಸ್ತಿದ್ದನಂತೆ."

"ಅವನಿಗೆ ಎಲ್ಲಾ ಹೇಳ್ಕೊಟ್ಟಿದ್ದೀರಾ?"

"ಹಸಿರು, ಕೆಂಪು ತೋರಿಸಿದೀನಿ, ಅಷ್ಟೇ," ಅಂದ ಮೇಸ್ತ್ರಿ. ಹೆಂಡತಿಗೆ ಅರ್ಥವಾಯಿತು. ಅವಳು ತನ್ನ ಮೈದುನನ ಹೊದಿಕೆಯ ಕಡೆ ನೋಡಿದಳು. ಎರಡು ಕಾಲಿರಬೇಕಾದ ಕಡೆ ಒಂದರ ಉಬ್ಬು ಮಾತ್ರ ಇತ್ತು. ಒದ್ದೆ ಕೈಯನ್ನು ಉಟ್ಟ ಬಟ್ಟೆಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

"ನಾಳೆ ಯಾಕೆ? ಮ್ಯಾನೇಜರ್ ಮನೆ ನಿಮಗೆ ಗೊತ್ತಿಲ್ವಾ? ಈಗಲೇ ಹೊರಡಿ," ಅಂದಳು. "ಬೀಗ ಬರೋ ತನಕ ಆ ತೊಟ್ಟಿಗೆ ನೀವು ಇಳಿಯೋದೂ ಬೇಡ."

ಮ್ಯಾನೇಜರ್ ತಮ್ಮ ಮನೆಯ ಗೇಟಿನಲ್ಲೇ ನಿಲ್ಲಿಸಿ ಮಾತಾಡಿದರು.

"ಮುಗಿದ ವಿಷಯ ಅದು. ಬರೆದದ್ದನ್ನ ತಿದ್ದೋಕೆ ಬರಲ್ಲ."

"ತಿದ್ದಬೇಡಿ ಸಾರ್. ಅದರ ಕೆಳಗೆ ಇನ್ನೊಂದು ಬರೀರಿ. ನಾನು ಹೇಳಿರ್ಲಿಲ್ಲ. ನನಗೂ ಯಾರೂ ಹೇಳಿಕೊಟ್ಟಿರ್ಲಿಲ್ಲ. ಹೊಸಬರಿಗೆ ಏನು ಕಲಿಸ್ದೆ ಅಂತ ನೀವೂ ಯಾವತ್ತೂ ಕೇಳಿರ್ಲಿಲ್ಲ. ಮೂರನ್ನೂ ಬರೀರಿ."

"ನಿನ್ನ ಮೇಸ್ತ್ರಿಗಿರಿ ಹೋಗತ್ತೆ, ಗೊತ್ತಿರ್ಲಿ."

"ಹೋಗ್ಲಿ ಸಾರ್. ಬೀಗ ಮಾತ್ರ ಬರ್ಲಿ. ಅಲ್ಲಿತನಕ ನಾನು ಇಳಿಯಲ್ಲ, ಇನ್ನೊಬ್ಬರನ್ನ ಇಳಿಯೋಕೂ ಬಿಡಲ್ಲ."

ಮಾರನೆಯ ದಿನ ಮಿಕ್ಸರ್ ನಿಂತೇ ಇತ್ತು. ಅದರ ಮಾರನೆಯ ದಿನವೂ ನಿಂತಿತ್ತು. ಫ್ಯೂಸಕ್ಕ ಏಣಿ ಗೋಡೆಗೆ ಒರಗಿಸಿ ಬಂದು ಪಕ್ಕದಲ್ಲಿ ನಿಂತಳು. ಟೈಲರಿನ ಬೆನ್ನಿಗೆ ಮಾತು ಎಸೆದಿದ್ದವರೂ ಒಬ್ಬೊಬ್ಬರಾಗಿ, ಕಣ್ಣು ತಪ್ಪಿಸಿಕೊಂಡು ಬಂದು ನಿಂತರು. ಮೂರನೆಯ ದಿನ ಬೀಗಗಳು ಬಂದವು. ಒಬ್ಬ ಮನುಷ್ಯನ ಕಾಲು ಹೋಗುವ ತನಕ ಬಾರದ ಬೀಗ, ಕೆಲಸ ನಿಂತ ಮೂರೇ ದಿನಕ್ಕೆ ಬಂತು! ಹೇಳಿಕೆಯ ಕೆಳಗೆ ಇನ್ನೊಂದು ಹೇಳಿಕೆ ಸೇರಿತು. ಮೇಸ್ತ್ರಿಗಿರಿ ಹೋಯಿತು. ಆದರೂ ಜನ ಅವನನ್ನು ಮೇಸ್ತ್ರಿ ಅಂತಲೇ ಕರೆಯುವುದನ್ನು ಬಿಡಲಿಲ್ಲ.

ಆ ಸಂಜೆ ಅವನು ಟೈಲರ್ ಮನೆಗೆ ಹೋದ. ಮುಚ್ಚಿದ ಅಂಗಡಿಯ ಹಿಂದಿನ ಒಂದೇ ಕೋಣೆ. ಹೊಲಿಗೆ ಯಂತ್ರದ ಮೇಲೆ ಹಳೆಯ ಪತ್ರಿಕೆ ಹೊದಿಸಿತ್ತು. ಬಾಗಿಲು ತೆಗೆದ ಟೈಲರಿನ ಹೆಂಡತಿ ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಪಕ್ಕಕ್ಕೆ ಸರಿದಳು. ಟೈಲರ್ ಸ್ಟೂಲಿನ ಮೇಲಿಂದ ಎದ್ದ. ಇಸ್ತ್ರಿ ಇಲ್ಲದ ಅಂಗಿ.

"ನಾನು ನಿಮಗೆ ಹೇಳಿರ್ಲಿಲ್ಲ. ಹೇಳಿದೆ ಅಂದಿದ್ದು ಸುಳ್ಳು. ಇವತ್ತು ಬರೆದುಕೊಟ್ಟು ಬಂದಿದೀನಿ," ಅಂದ ಮೇಸ್ತ್ರಿ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಅಷ್ಟಕ್ಕೇ ಮುಗಿಯಿತು.

ಟೈಲರ್ ಮೆಲ್ಲಗೆ ಮತ್ತೆ ಕೂತ. "ಹೇಳಿರ್ಲಿಲ್ಲ ಅಲ್ವಾ?" ಅಂದ. "ನಿಜವಾಗ್ಲೂ ಹೇಳಿರ್ಲಿಲ್ಲ ತಾನೆ?"

"ಇಲ್ಲ."

"ಅವತ್ತು ನನಗೆ ಗೊತ್ತಿತ್ತು. ನಿಮ್ಮ ತಮ್ಮ ಆ ಸ್ಥಿತೀಲಿರುವಾಗ ನಿಮ್ಮ ಜೊತೆ ಏನು ವಾದ ಮಾಡೋದು ಅಂತ ಸುಮ್ನಿದ್ದೆ. ಆಮೇಲೆ ಮನೇಲಿ ಕೂತು ಕೂತು ಅನುಮಾನ ಶುರುವಾಯ್ತು. ಮೂರು ಸಲ ಹೇಳಿದೆ ಅಂದ್ರಲ್ಲ. ಹೇಳಿದ್ರೇನೋ, ಆ ಸದ್ದಿನಲ್ಲಿ ನನಗೇ ಕೇಳಿಸ್ಲಿಲ್ವೇನೋ, ಕೇಳಿಸಿದ್ರೂ ಮರೆತೆನೇನೋ ಅಂತ. ಐದು ವಾರ ಅದನ್ನೇ ಹುಡುಕ್ತಾ ಇದೀನಿ ಮೇಸ್ತ್ರಿ. ಮೊದಲನೇ ದಿನ ಒಂದು ಮಾತು ಕೇಳ್ಲಾ ಅಂದೆನಲ್ಲ, ಏನು ಕೇಳ್ಬೇಕಂತಿದ್ದೆ ಅನ್ನೋದು ಕೂಡ ಈಗ ನೆನಪಾಗ್ತಿಲ್ಲ."

ಮೇಸ್ತ್ರಿ ಪತ್ರಿಕೆ ಹೊದಿಸಿದ ಹೊಲಿಗೆ ಯಂತ್ರದ ಕಡೆ ನೋಡಿದ. ತಮ್ಮನ ಕಾಲು ಹೋದದ್ದು ಎರಡು ಸುತ್ತಿನಲ್ಲಿ. ಈ ಮನುಷ್ಯನನ್ನು ತನ್ನ ಒಂದು ಮಾತು ಐದು ವಾರ ಅರೆದಿತ್ತು.

"ಕೆಲಸಕ್ಕೆ ವಾಪಸ್ ಬನ್ನಿ. ನಾನು ಮಾತಾಡ್ತೀನಿ."

"ಬೇಡ. ತಪ್ಪು ನಿಮ್ಮದು ಅಂತ ಕಾಗದದಲ್ಲಿ ಬರೀಬಹುದು. ಸ್ವಿಚ್ ಒತ್ತಿದ್ದು ಈ ಬೆರಳು. ಇದನ್ನ ನೀವು ವಾಪಸ್ ತಗೊಳೋಕಾಗಲ್ಲ." ಬೆರಳು ಮಡಚಿಕೊಂಡು ಟೈಲರೇ ಕೇಳಿದ: "ನನ್ನ ಜಾಗಕ್ಕೆ ಯಾರಾದ್ರೂ ಬಂದಿದ್ದಾರಾ?"

"ಬಂದಿದ್ದಾರೆ."

"ಅವರಿಗೂ ಸಂಸಾರ ಇರತ್ತೆ. ಅರ್ಥ ಆಯ್ತಾ ಅಂತ ಕೇಳ್ಬೇಡಿ ಮೇಸ್ತ್ರಿ. ಆಯ್ತು ಅಂತ ತಲೆ ಆಡಿಸ್ತಾರೆ. ನಾನೂ ಆಡಿಸಿದ್ದೆ, ಅರ್ಥ ಆಗಿ ಅಲ್ಲ, ಭಯಕ್ಕೆ. ಈ ವಯಸ್ಸಿನಲ್ಲಿ ಕೆಲಸ ಹೋಗತ್ತೇನೋ ಅನ್ನೋ ಭಯ, ನಾಲ್ಕು ಜನ ನಗ್ತಾರೇನೋ ಅನ್ನೋ ಭಯ. ತಲೆ ಆಡಿಸೋದನ್ನ ನಂಬಬೇಡಿ. ಅವರ ಬಾಯಲ್ಲೇ ಹೇಳಿಸಿ. ಕೈಯಲ್ಲೇ ಮಾಡಿಸಿ. ನನ್ನ ಅಂಗಡೀಲಿ ಕಲಿಯೋರಿಗೆ ನಾನು ಒಳ್ಳೆ ಬಟ್ಟೆ ಕೊಡ್ತಿರ್ಲಿಲ್ಲ, ಮೊದಲು ಕಾಗದ ಕತ್ತರಿಸೋಕೆ ಕೊಡ್ತಿದ್ದೆ. ನೀವು ನನಗೆ ಮೊದಲನೇ ದಿನವೇ ಮನುಷ್ಯನ್ನ ಕೊಟ್ರಿ."

ಮರುದಿನ ಬೆಳಗ್ಗೆ ಮಿಕ್ಸರ್ ಶುರು ಮಾಡುವ ಮೊದಲು ಮೇಸ್ತ್ರಿ ಹೊಸಬನನ್ನು ಕರೆದ. ವ್ಯಾನ್ ಡ್ರೈವರ್ ಆಗಿದ್ದ ಅವನು ಹೆದರಿಕೊಂಡೇ ಬಂದ. ಯಂತ್ರ ನಿಂತಿತ್ತು. ಕಿರುಚುವ ಅಗತ್ಯವಿರಲಿಲ್ಲ. ಮೇಸ್ತ್ರಿ ಅವನನ್ನು ಮೊದಲು ಏಣಿ ಹತ್ತಿಸಿ ತೊಟ್ಟಿಯೊಳಗೆ ಬಗ್ಗಿ ನೋಡಿಸಿದ. ರೆಕ್ಕೆಗಳನ್ನು ತೋರಿಸಿದ. ಒಳಗೆ ನಡೆದದ್ದನ್ನು, ತನ್ನ ತಮ್ಮನದು ಅಂತ ಮುಚ್ಚಿಡದೆ ಹೇಳಿದ. ಆಮೇಲೆ ಹಿಡಿಕೆಯ ಹತ್ತಿರ ಕರೆತಂದ. ಕೆಳಗೆಳೆ, ಬೀಗ ಹಾಕು, ಹೆಸರು ಬರೆದ ಚೀಟಿ ಕಟ್ಟು, ಕೀಲಿ ಜೇಬಿಗೆ, ಆಮೇಲೆ ಹಸಿರು ಒತ್ತಿ ನೋಡು.

"ಬೀಗ ಹಾಕಿದ ಮೇಲೆ ಮತ್ತೆ ಹಸಿರು ಯಾಕಣ್ಣ ಒತ್ತೋದು? ಸುಮ್ನೆ ಕೆಲಸ," ಅಂದ ಡ್ರೈವರ್.

ಮೇಸ್ತ್ರಿಯ ಬಾಯಿಗೆ ಹಳೆಯ ಮಾತು ಬಂದೇಬಿಟ್ಟಿತ್ತು. ನಾಲಿಗೆ ಕಚ್ಚಿಕೊಂಡ.

"ಕೇಳಿದ್ದು ಒಳ್ಳೇದಾಯ್ತು. ಕೈತಪ್ಪಿ ಪಕ್ಕದ ಯಂತ್ರದ ಹಿಡಿಕೆಗೆ ಬೀಗ ಹಾಕಿರ್ಬಹುದು. ಒಳಗೆ ಎಲ್ಲೋ ಕರೆಂಟ್ ಉಳಿದಿರ್ಬಹುದು. ಒತ್ತಿದಾಗ ದಂಡ ಅಲ್ಲಾಡ್ಲಿಲ್ಲ ಅಂದ್ರೆ ಮಾತ್ರ ಸತ್ತಿದೆ ಅಂತ ಲೆಕ್ಕ. ಆಗ ಇಳಿ. ಇನ್ನು ಹೊರಗಿನೋನು ಶುರು ಮಾಡೋ ಮುಂಚೆ?"

"ಬೀಗ ಇದ್ಯಾ ನೋಡ್ಬೇಕು."

"ಬೀಗ ಇಲ್ಲ. ಸೀದಾ ಒತ್ತಿಬಿಡ್ತೀಯಾ?"

ಡ್ರೈವರ್ ಯೋಚಿಸಿದ. "ಏಣಿ ಹತ್ತಿ ಒಳಗೆ ನೋಡ್ತೀನಿ. ಕೂಗ್ತೀನಿ. ಎಲ್ಲರೂ ಹೊರಗಿದ್ದಾರಾ ಅಂತ ತಲೆ ಎಣಿಸ್ತೀನಿ. ಗಂಟೆ ಹೊಡೆದುಹೋದ್ರೆ?"

"ಹೊಡ್ಕೊಳ್ಲಿ."

ಮೊದಲ ಸಲ ಅವನು ಚೀಟಿ ಮರೆತ. ಎರಡನೆಯ ಸಲ ಕೀಲಿಯನ್ನು ಬೀಗದಲ್ಲೇ ಬಿಟ್ಟ. ಮೂರನೆಯ ಸಲ ಎಲ್ಲ ಸರಿ ಮಾಡಿ ಹಸಿರು ಒತ್ತಿ ನೋಡುವುದನ್ನು ಬಿಟ್ಟ. ಪ್ರತಿ ಸಲವೂ ಮೇಸ್ತ್ರಿ ಮೊದಲಿನಿಂದ ಮಾಡಿಸಿದ. ಹಿಂದೆ ಯಾರೋ ಕಿಸಕ್ಕೆಂದರು. ಮೇಸ್ತ್ರಿ ತಿರುಗಿ ನೋಡಿದ ನೋಟಕ್ಕೆ ಆ ನಗು ಅಲ್ಲೇ ಒಣಗಿತು. ನಾಲ್ಕನೆಯ ಸಲ ಸರಿ ಬಂತು. ಐದನೆಯ ಸಲವೂ ಬಂತು. ಆಗಲೂ ಅವನನ್ನು ಒಂಟಿಯಾಗಿ ಬಿಡಲಿಲ್ಲ. ಹದಿನೈದು ದಿನ ಪಕ್ಕದಲ್ಲಿ ಫ್ಯೂಸಕ್ಕನೋ ಇನ್ನೊಬ್ಬರೋ ಇರಬೇಕು ಎಂದು ಮಾತಾಯಿತು.

ಅಷ್ಟು ಹೊತ್ತಿಗೆ ಮಧ್ಯಾಹ್ನವಾಗಿತ್ತು. ಒಬ್ಬ ಮನುಷ್ಯನಿಗೆ ಕ್ಷೇಮವಾಗಿ ಕೆಲಸ ಕಲಿಸಲು ಒಂದು ಬೆಳಗ್ಗೆ ಹಿಡಿದಿತ್ತು. ಇದೇ ಬೆಳಗ್ಗೆಯನ್ನು ಆರು ವಾರ ಮುಂಚೆ ಕೊಟ್ಟಿದ್ದರೆ, ಎಂದು ಮೇಸ್ತ್ರಿ ಯೋಚಿಸತೊಡಗಿದ. ಆ ಯೋಚನೆಯನ್ನು ಮುಗಿಸಲು ಅವನಿಂದ ಆಗಲಿಲ್ಲ. ಈಗಲೂ ಆಗಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೆಲಸದ ಜಾಗದಲ್ಲೂ ಯಾರೋ ಹೊಸಬರು ಇರುತ್ತಾರೆ. ಪ್ರೆಸ್ ಇರಲಿ, ಗರಗಸ ಇರಲಿ, ಬಾಯ್ಲರ್ ಇರಲಿ, ಅವರನ್ನು ನಾಳೆಯೇ ಕರೆದು, ಯಂತ್ರ ನಿಲ್ಲಿಸಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೇಗೆ ಮಾಡಬೇಕು ಅನ್ನುವುದರ ಜೊತೆ ಯಾಕೆ ಅನ್ನುವುದನ್ನೂ ಹೇಳಿ. ಅವರ ಬಾಯಲ್ಲಿ ಹೇಳಿಸಿ, ಕೈಯಲ್ಲಿ ಮಾಡಿಸಿ. ನಿಧಾನ ಮಾಡಿದರೆ ನಗಬೇಡಿ, ನಗುವವರ ಬಾಯಿ ಮುಚ್ಚಿಸಿ. ಹೊಸದಾಗಿ ಸೇರಿದವರೇ, ಅರ್ಥವಾಗದೆ ತಲೆಯಾಡಿಸಬೇಡಿ. ಗೊತ್ತಿಲ್ಲದ ಗುಂಡಿಯನ್ನು ಯಾರು ಗದರಿದರೂ ಒತ್ತಬೇಡಿ. ಮಾಲೀಕರೇ, ಮ್ಯಾನೇಜರುಗಳೇ, "ಹೇಳಿಕೊಟ್ಟಿದ್ದೆಯಾ" ಎಂದು ಕೇಳುವ ಹೊತ್ತು ಹೊಸಬ ಬಂದ ಮೊದಲ ಬೆಳಗ್ಗೆ. ರಕ್ತ ತೊಳೆದ ಮೇಲೆ ಕೇಳುವುದು ತನಿಖೆಯಲ್ಲ, ಕೈ ತೊಳೆದುಕೊಳ್ಳುವುದು.

ಇದಕ್ಕೆಲ್ಲ ಅರ್ಧ ದಿನದ ಕೆಲಸ ಹೋಗುತ್ತದೆ ಅಂತೀರಾ? ಹೌದು, ಹೋಗುತ್ತದೆ. ಹೋಗಲಿ ಬಿಡಿ.